ತಿದ್ದಿ ಕಳಿಸಿದ ಮೆಸೇಜುಗಳು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಕೆಲಸಕ್ಕೆ ಹೊರಟವಳು ಬಾಗಿಲಿಗೆ ಅಡ್ಡವಾಗಿದ್ದ ಗಂಡನ ಟೂಲ್ ಬ್ಯಾಗನ್ನು ಎತ್ತಿದಳು. ಎಷ್ಟು ಭಾರ!

ಸ್ಪ್ಯಾನರುಗಳ ಕೆಳಗೆ ದಪ್ಪನೆಯ ನಿಘಂಟು. ಒಳಗೆ ಕೆಳಮನೆ ಟೀಚರಮ್ಮನ ಹೆಸರು, ಮಡಿಸಿದ ಒಂದಷ್ಟು ಕಾಗದ.

ಅವನಿಗೇಕೆ ನಿಘಂಟು...?

ಐದು ವರ್ಷದ ಹಿಂದೆ, ಅವಳು ಕರಡು ತಿದ್ದುತ್ತಿದ್ದ ಮುದ್ರಣಾಲಯಕ್ಕೆ ಮೆಷೀನ್ ರಿಪೇರಿಗೆಂದು ಬಂದಿದ್ದ. ಅವನು ಮೆಷೀನಿಗೆ ಅಂಟಿಸಿದ್ದ ಚೀಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಟ್ಟಿದ್ದಳು.

"ನಾಲ್ಕು ಸಾಲಿಗೆ ಏಳು ತಪ್ಪು!"

"ಮೆಷೀನ್ ಓಡ್ತಿದೆಯಲ್ಲ ಮೇಡಂ? ಅದಕ್ಕೂ ಕಾಗುಣಿತ ಬರಲ್ಲ, ಪಾಪ."

ಅವಳು ನಕ್ಕಿದ್ದಳು. ಶುರುವಾಗಿದ್ದು ಅಲ್ಲಿಂದಲೇ.

ಮದುವೆಯಾದ ಮೇಲೆ ದಿನಕ್ಕೆ ಹತ್ತು ಮೆಸೇಜು. ಅರ್ಧ ಪದ, ನುಂಗಿದ ಒತ್ತಕ್ಷರ, ಚುಕ್ಕಿಯ ಜಾಗದಲ್ಲಿ ಹಳದಿ ಮುಖ. "ತುಂಬ ನೆನ್ಪಾಗ್ತಿದಿಯ" ಎಂದು ಅವನು ಕಳಿಸಿದರೆ, "ನೆನಪಾಗುತ್ತಿದ್ದೀಯ" ಎಂದಷ್ಟೇ ಅವಳ ಉತ್ತರ. 'ನನಗೂ' ಎಂದು ಒಮ್ಮೆಯೂ ಬರೆದಿರಲಿಲ್ಲ. ಆಫೀಸಿನಲ್ಲಿ ಅವನ್ನು ಓದಿ ಎಲ್ಲರನ್ನೂ ನಗಿಸಿದ್ದಳು ಕೂಡ.

ಈಚೆಗೆ ಮೆಸೇಜುಗಳಲ್ಲಿ ಒಂದೂ ತಪ್ಪಿರಲಿಲ್ಲ. ಅವಳಿಗೆ ಅನುಮಾನ! ಕೊನೆಯದು ಹೀಗಿತ್ತು: "ನೀನು ಪಕ್ಕದಲ್ಲಿದ್ದರೆ ದಣಿವೇ ಗೊತ್ತಾಗುವುದಿಲ್ಲ."

"ಯಾವ ಗ್ರೂಪಿಂದ ಕದ್ದಿದ್ದು? ಯಾರೋ ಯಾರಿಗೋ ಬರೆದಿದ್ದನ್ನ ನನಗೆ ಫಾರ್ವರ್ಡ್ ಮಾಡಬೇಡ" ಎಂದು ಬರೆದಿದ್ದಳು.

ಓದಿದ್ದ. ಉತ್ತರ ಬರಲಿಲ್ಲ. ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಅವಳು ತಲುಪುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಅವಳು ನಿಘಂಟು ಹಿಡಿದು ಕೆಳಗಿಳಿದಳು.

"ಟೀಚರಮ್ಮ, ಇದನ್ನ ಅವರು ತಗೊಂಡಿದ್ರಾ?"

"ಮೂರು ತಿಂಗಳಾಯ್ತು ಮಗಳೇ. ಕೆಲಸ ಮುಗಿಸಿ ನೇರ ಇಲ್ಲಿಗೇ ಬರ್ತಿದ್ದ. ಒಂದು ಸಾಲಿಗೆ ಅರ್ಧ ಗಂಟೆ! 'ಹೆಂಡ್ತಿಗೆ ಬರೆಯೋಕೂ ಪರೀಕ್ಷೆಯೇನಪ್ಪಾ' ಅಂತ ಬೈದಿದ್ದೆ."

"ಏನಂದ್ರು?"

"'ಒಂದೇ ಒಂದು ಸಲ ಅವಳಿಗೆ ತಿದ್ದೋಕೆ ಏನೂ ಸಿಗಬಾರದು ಟೀಚರಮ್ಮ. ಆಗ ಉತ್ತರ ಕೊಡಲೇಬೇಕಲ್ಲ' ಅಂದ."

ಅವಳ ಕಿವಿ ಸುಟ್ಟಂತಾಯಿತು. ಅಳು ಬರಲಿಲ್ಲ. ನಾಚಿಕೆ, ಬರೀ ನಾಚಿಕೆ.

"ಕೊಟ್ಟೆ ಟೀಚರಮ್ಮ... ನೋಡಿ ಎಂಥಾ ಉತ್ತರ ಕೊಟ್ಟೆ."

ಫೋನ್ ಚಾಚಿದಳು. ಟೀಚರಮ್ಮ ಕನ್ನಡಕ ಹಾಕಿ ಓದಿದರು. ಫೋನನ್ನು ಅವಳ ಕೈಗೇ ಮರಳಿಸಿ, "ಈಗ ಬರಿ" ಎಂದರು.

ಅವಳು ಬರೆದಳು. "ನಂಗು ನೆನ್ಪಾಗ್ತಿದಿಯ. ತುಂಬ." ಮತ್ತೊಮ್ಮೆ ಓದದೆ ಕಳಿಸಿದಳು. ಒಂದೇ ಬೂದು ಟಿಕ್ ಮೂಡಿ ನಿಂತಿತು; ಅವನ ಫೋನಿಗೆ ಅದು ತಲುಪಲೇ ಇಲ್ಲ.

"ನಿಘಂಟು ನೀನೇ ಇಟ್ಕೋ, ನೆನಪಿಗೆ."

ಅವಳು ಮಡಿಸಿದ ಕಾಗದಗಳನ್ನು ತೆಗೆದುಕೊಂಡಳು. ಅವನ ವಕ್ರ ಅಕ್ಷರದ ಸಾಲುಗಳು, ಟೀಚರಮ್ಮ ತಿದ್ದುವ ಮೊದಲಿನವು. ನಿಘಂಟನ್ನು ಎರಡೂ ಕೈಯಲ್ಲಿ ಟೀಚರಮ್ಮನ ಮಡಿಲಲ್ಲಿಟ್ಟಳು.

"ಬೇಡ ಟೀಚರಮ್ಮ. ನನಗೆ ಇವು ಸಾಕು."