ಅತ್ತೆ ಬಿಡಿಸಿದ ಮಾತ್ರೆ

“ಇನ್ನ ಆ ಮಾತ್ರೆ ಸಾಕು ಬುಡು ಮಗ,” ಎಂದು ಹೊಂಬಾಳಮ್ಮ ಸೊಸೆಯ ಕೈಯಿಂದ ಡಬ್ಬಿ ತೆಗೆದುಕೊಂಡು ದೇವರ ಗೂಡಿನೊಳಗೆ, ಪಟದ ಹಿಂದೆ ಇಟ್ಟರು. ಅರ್ಪಿತ ನೀರಿನ ಲೋಟ ಹಿಡಿದು ಹಾಗೆಯೇ ನಿಂತಳು.

“ಡಾಕ್ಟ್ರು ನಿಲ್ಲಿಸ್ಬ್ಯಾಡಿ ಅಂದವ್ರೆ ಅತ್ತೆ...”

“ರಕ್ತದಲ್ಲಿ ಎಲ್ಲಾ ಇಳ್ದದೆ ಅಂತ್ಲೂ ಅವ್ರೇ ಅಂದ್ರಲ್ಲ. ವಾಸಿಯಾದ್ಮೇಲೂ ಯಾರಾರ ಔಸ್ದಿ ನುಂಗ್ತಾರಾ? ಇದ ನುಂಗೋಗಂಟ ಬಸುರಿ ಆಗ್ಬಾರ್ದಂತೆ. ನಂಗೊಬ್ಬ ಮೊಮ್ಮಗ ಬ್ಯಾಡ್ವಾ?”

ಹೊಂಬಾಳಮ್ಮ ಕೆಟ್ಟವರಲ್ಲ. ಹಿಂದಿನ ವರ್ಷ ಮೊಮ್ಮಗಳು ಗಗನ ಹುಟ್ಟಿದಾಗ, ತಾಯಿಯಿಲ್ಲದ ಸೊಸೆಗೆ ಪೂರಿಗಾಲಿಯ ಮನೆಯಲ್ಲೇ ಬಾಣಂತನ ಮಾಡಿದವರು ಅವರೇ. ಆಗ ಅರ್ಪಿತಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಊದಿದ್ದವು. ಬಾಣಂತಿಗೆ ಶೀತ ಹಿಡಿದಿದೆ ಎಂದು ಅತ್ತೆ ಬೆಳ್ಳುಳ್ಳಿ ಹುರಿದು ತಿನ್ನಿಸಿದರು, ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕಿದರು. ಉಬ್ಬಸ ಹೆಚ್ಚಿತೇ ಹೊರತು ಇಳಿಯಲಿಲ್ಲ. ಕೊನೆಗೆ ಗಂಡ ಶಿವರಾಜು ಮಂಡ್ಯಕ್ಕೆ ಕರೆದೊಯ್ದ. ಅಲ್ಲಿ ಡಾಕ್ಟರ್ ಅರುಂಧತಿ ರಕ್ತ ತೆಗೆಸಿ ನೋಡಿ ಹೇಳಿದ್ದರು: “ಹೃದಯಕ್ಕೆ ಭಾರ ಹೆಚ್ಚಾದಾಗ ಅದು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ನೂರರ ಆಸುಪಾಸಿನಲ್ಲಿರಬೇಕಾದ ಅದು ಇವರಿಗೆ ನಾಲ್ಕು ಸಾವಿರ ದಾಟಿದೆ. ಇದು ಶೀತವಲ್ಲ, ಹೃದಯ ಸೋತಿದೆ.” ಸ್ಕ್ಯಾನಿಂಗ್‌ನಲ್ಲೂ ಅದೇ ಕಂಡಿತು. ಮಾತ್ರೆ ಶುರುವಾಯಿತು, ಊತ ಇಳಿಯಿತು. ಮೊನ್ನೆಯ ಪರೀಕ್ಷೆಯಲ್ಲಿ ನಾಲ್ಕು ಸಾವಿರವಿದ್ದದ್ದು ನೂರಕ್ಕೆ ಬಂದಿತ್ತು.

ಡಬ್ಬಿ ಪಟದ ಹಿಂದೆಯೇ ಉಳಿಯಿತು. ಕೆಲವು ವಾರಗಳಲ್ಲಿ ಅರ್ಪಿತ ನಲ್ಲಿಯಿಂದ ಕೊಡ ತರುವಾಗ ನಡುದಾರಿಯಲ್ಲಿ ಕೂರತೊಡಗಿದಳು. ತಲೆಯ ಕೆಳಗೆ ಮತ್ತೊಂದು ದಿಂಬು ಬೇಕಾಯಿತು. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಹೆತ್ತವಳಿಲ್ಲದ ತನ್ನ ತಲೆಗೆ ಎಣ್ಣೆ ಹಚ್ಚಿದ ಕೈ ಅದು... ಆ ಕೈಯ ಮೇಲೆ ದೂರು ಹೇಳುವುದು ಹೇಗೆ?

ಮುಂದಿನ ಪರೀಕ್ಷೆಗೆ ಮೂವರೂ ಮಗುವನ್ನೆತ್ತಿಕೊಂಡು ಮಂಡ್ಯಕ್ಕೆ ಹೋದರು. ಡಾಕ್ಟರ್ ರಿಪೋರ್ಟು ನೋಡಿ ಕನ್ನಡಕ ತೆಗೆದರು.

“ಮತ್ತೆ ಎರಡು ಸಾವಿರದ ಮೇಲೆ ಹೋಗಿದೆ. ಮಾತ್ರೆ ಬಿಟ್ಟಿರಾ?”

“ನಾನೇ ಮರ್ತೆ ಮೇಡಂ,” ಎಂದಳು ಅರ್ಪಿತ.

ಶಿವರಾಜುವಿಗೆ ಸಿಟ್ಟು ಬಂತು. “ಮರೆಯಕ್ಕೆ ಅದೇನು ಕಡ್ಲೆಪುರಿನಾ? ಎತ್ತ ಮಗೀನ ಮುಖನಾದ್ರೂ ನೋಡ್ಬಾರ್ದಾ?”

ಗಗನಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೊಂಬಾಳಮ್ಮನಿಗೆ ತಡೆಯಲಾಗಲಿಲ್ಲ.

“ಅವಳ್ನ ಬಯ್ಬ್ಯಾಡ ಕಣ್ಲಾ. ಅವ್ಳು ಸುಳ್ಳು ಏಳ್ತಾವ್ಳೆ. ಮಾತ್ರೆ ಬುಡ್ಸಿದ್ದು ನಾನು.”

“ಅವ್ವಾ...”

“ಇಳ್ದದೆ ಅಂದ್ರಲ್ಲ, ವಾಸಿ ಆಯ್ತು ಅನ್ಕಂಡೆ. ಇನ್ನೊಂದು ಮಗಾ ಆಗ್ಲಿ ಅಂತ...”

ಡಾಕ್ಟರ್ ಬಯ್ಯಲಿಲ್ಲ. “ಇಳಿದದ್ದು ಮಾತ್ರೆಯ ಆಸರೆಯಿಂದ, ತಾಯಿ. ಆಸರೆ ತೆಗೆದಿರಿ, ಮತ್ತೆ ಏರಿತು. ಇನ್ನೊಂದು ಬಸುರನ್ನು ಈ ಹೃದಯ ತಾಳುವುದು ಕಷ್ಟ. ಮೊಮ್ಮಗ ಬಂದರೂ ಸೊಸೆ ಉಳಿಯುತ್ತಾಳೆಂದು ನಾನು ಹೇಳಲಾರೆ.”

ಊರಿಗೆ ಮರಳುವ ಬಸ್ಸಿನಲ್ಲಿ ಹೊಂಬಾಳಮ್ಮ ಸೊಸೆಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅರ್ಪಿತ ನಿದ್ದೆಯಲ್ಲಿ ಅವರ ಹೆಗಲಿಗೆ ತಲೆಯಿಟ್ಟಾಗ ಮಗುವನ್ನು ಮಗನ ಕೈಗೆ ಕೊಟ್ಟು, ಸೊಸೆಯ ಉಸಿರನ್ನೇ ಕೇಳುತ್ತ ಕುಳಿತರು.

ಊರಲ್ಲಿ ಇಳಿದಾಗ ಪಕ್ಕದ ಮನೆಯ ಮುದ್ದಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು.

“ಏನಂದ್ರು ಡಾಕ್ಟ್ರು? ಗಗನಂಗೆ ತಮ್ಮ ಯಾವಾಗ ಬತ್ತಾನಂತೆ?”

ಅರ್ಪಿತ ಬಾಗಿಲಲ್ಲೇ ನಿಂತಳು. ಹೊಂಬಾಳಮ್ಮ ಚಪ್ಪಲಿ ಬಿಟ್ಟು, ನಿಧಾನವಾಗಿ ಮೆಟ್ಟಿಲು ಹತ್ತಿದರು.

“ತಮ್ಮನೂ ಇಲ್ಲ ಗಿಮ್ಮನೂ ಇಲ್ಲ. ನಮ್ಮನೇಲಿ ಇಬ್ರು ಎಣ್ಮಕ್ಳವ್ರೆ ಕಣಮ್ಮ, ದೊಡ್ಡೋಳು ಚಿಕ್ಕೋಳು. ಅವ್ರು ಚೆಂದಾಗಿದ್ರೆ ಸಾಕು ನಂಗೆ. ನೀನು ಅವರೆಕಾಯಿ ಬುಡ್ಸು.”

ಒಳಗೆ ಹೋಗಿ ದೇವರ ಪಟದ ಹಿಂದೆ ಕೈಹಾಕಿ ಡಬ್ಬಿ ತೆಗೆದರು. ಸೆರಗಿನಿಂದ ಅದರ ಮೇಲಿನ ಕುಂಕುಮ ಒರೆಸಿ, ಲೋಟಕ್ಕೆ ನೀರು ಬಗ್ಗಿಸಿದರು.

“ಬಾ ಮಗ. ನನ್ನ ಮುಂದೇನೇ ನುಂಗು.”