ನೂರಾ ಎಂಬತ್ತೆಂಟನೆಯ ಫಲಕ

ಸೋಮವಾರ ಮಧ್ಯಾಹ್ನ ಎರಡೂ ನಲವತ್ತಕ್ಕೆ ವಿದ್ಯುತ್ ಸಂಘದ ಮ್ಯಾನೇಜರ್ ಏದುಸಿರು ಬಿಡುತ್ತ ಠಾಣೆಗೆ ಬಂದರು. ಊರಿನವರು ಮನೆಗೊಂದರಂತೆ ಕೊಂಡು, ಒಂದೇ ಬಯಲಿನಲ್ಲಿ ಹಾಕಿಸಿದ್ದ ಮುನ್ನೂರ ಹನ್ನೆರಡು ಸೌರ ಫಲಕಗಳಲ್ಲಿ ಒಂದನ್ನು ಯಾರೋ ಒಡೆದಿದ್ದರು. ಏಳನೆಯ ಸಾಲು ಪೂರ್ತಿ ನಿಂತುಹೋಗಿತ್ತು. ಕಾನ್‌ಸ್ಟೇಬಲ್ ಎಫ್‌ಐಆರ್ ಬರೆದ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವನಿಗೆ ಠಾಣೆಯಲ್ಲಿ ‘ಗಡಿಯಾರ’ ಎಂದೇ ಹೆಸರು.

ಮೂರೂ ಇಪ್ಪತ್ತಕ್ಕೆ ಸ್ಥಳ ಪಂಚನಾಮೆ. ಪುಂಡರ ಕೆಲಸವಾಗಿದ್ದರೆ ಗೇಟಿನ ಹತ್ತಿರದ ಫಲಕಕ್ಕೇ ಕಲ್ಲು ಬೀಳುತ್ತಿತ್ತು. ಇಲ್ಲಿ ಆರು ಸಾಲು ದಾಟಿ ಹೋಗಿ, ಅದೊಂದನ್ನೇ ಕಬ್ಬಿಣದಿಂದ ಮೂರು ಪೆಟ್ಟಿಗೆ ಒಡೆದು, ನಂಬರಿನ ಚೀಟಿಯನ್ನೂ ಕಿತ್ತು ಒಯ್ದಿದ್ದರು. ಇನ್‌ಸ್ಪೆಕ್ಟರ್ ಇಷ್ಟು ವರ್ಷದ ನೌಕರಿಯಲ್ಲಿ ಕಾಣದ ಸಂಗತಿ ಇನ್ನೊಂದಿತ್ತು. ಉದುರಿದ ಗಾಜನ್ನೆಲ್ಲ ಗುಡಿಸಿ, ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿಟ್ಟಿದ್ದರು.

“ಒಡೆದವನೇ ಗುಡಿಸ್ತಾನಾ ಸಾರ್? ನಮ್ಮನೇಲಿ ನಾನೇ ಪೊರಕೆ ಮುಟ್ಟಲ್ಲ!” ಎಂದ ಗಡಿಯಾರ.

ಇನ್‌ಸ್ಪೆಕ್ಟರ್ ನಗಲಿಲ್ಲ. “ಇದು ಯಾರದು?”

“ನೂರಾ ಎಂಬತ್ತೆಂಟು. ಪಟ್ಟಿ ನೋಡ್ಬೇಕು,” ಎಂದರು ಮ್ಯಾನೇಜರ್. “ಆದ್ರೆ ಸಾರ್, ಇದನ್ನ ಒಡೆದ್ರೆ ಆ ಮನೆಗೆ ಏನೂ ಆಗಲ್ಲ. ಬಂದ ಕರೆಂಟನ್ನ ಎಲ್ಲರಿಗೂ ಸಮನಾಗಿ ಹಂಚ್ತೀವಿ. ದಿನಾ ಸಂಜೆ ಆರಕ್ಕೆ, ಇವತ್ತು ನಿಮ್ಮ ಪಾಲಿಗೆ ಇಷ್ಟು ಯೂನಿಟ್ ಅಂತ ಅವರವರ ಫೋನಿಗೆ ಮೆಸೇಜು ಹೋಗುತ್ತೆ. ನಂಬರು ಸುಮ್ನೆ ಜನರ ಖುಷಿಗೆ.”

“ಜನಕ್ಕಿದು ಗೊತ್ತಾ?”

“ಸಭೇಲಿ ಹೇಳಿದ್ವಿ. ಯಾರು ಕಿವಿಗೆ ಹಾಕ್ಕೋತಾರೆ?”

ಕಾವಲುಗಾರನನ್ನು ಕೇಳಿದರು. ಒಂದೂವರೆಗೆ ಅವನು ಊಟಕ್ಕೆ ಕೂತಿದ್ದಾಗ ಬ್ರೇಕಣ್ಣ ಬಂದಿದ್ದನಂತೆ, ಹೆಂಡತಿಯ ಫಲಕ ಒರೆಸಿ ಹೋಗುತ್ತೇನೆಂದು ಚೀಲ, ಪೊರಕೆ ಹಿಡಿದು. ಬ್ರೇಕಣ್ಣ ಎಂದರೆ ನಿವೃತ್ತ ಬಸ್ ಡ್ರೈವರ್. ರಸ್ತೆಯಲ್ಲಿ ನಾಯಿಮರಿ ಕಂಡರೂ ಬ್ರೇಕ್ ಹಾಕುತ್ತಿದ್ದ ಮನುಷ್ಯ. ಪಟ್ಟಿಯಲ್ಲಿ ನೂರಾ ಎಂಬತ್ತೆಂಟರ ಮುಂದೆ ಅವನ ಹೆಂಡತಿಯ ಹೆಸರಿತ್ತು.

ನಾಲ್ಕೂ ಐವತ್ತಕ್ಕೆ ಅವನ ಮನೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಬಸ್ಸಿನ ಚಕ್ರ ಬಿಚ್ಚುವ, ತೊಳೆದಿಟ್ಟ ವೀಲ್ ಸ್ಪ್ಯಾನರ್, ನಂಬರಿನ ಚೀಟಿ, ಒಂದು ಹಳೆಯ ಫೋನು.

“ನೀವೇನಾ ಒಡೆದಿದ್ದು, ಯಜಮಾನ್ರೇ?”

“ನಾನೇ. ಗಂಟೆ ಎಷ್ಟಾಯ್ತು ಸಾರ್?”

ದಸ್ತಗಿರಿ ಐದೂ ಐದಕ್ಕೆ. ಠಾಣೆಯಲ್ಲಿ ಮೂರೂ ವಸ್ತುಗಳನ್ನು ಲಕೋಟೆಗೆ ಹಾಕಿ ಸೀಲ್ ಮಾಡಿದರು. ಬ್ರೇಕಣ್ಣ ಗೋಡೆಯ ಗಡಿಯಾರಕ್ಕೆ ಕಣ್ಣು ನೆಟ್ಟು ಹೇಳಿಕೆ ಕೊಟ್ಟ. ದನಿ ಏರಲಿಲ್ಲ, ಇಳಿಯಲಿಲ್ಲ.

“ನಾನು ಡ್ಯೂಟಿ ಮುಗಿಸಿ ಬರ್ತಿದ್ದಿದ್ದೂ ಆರಕ್ಕೇ. ಅವಳು ಮೆಸೇಜು ಓದಿ, ‘ಇವತ್ತೂ ನಿಮಗಿಂತ ನಂದೇ ಹೆಚ್ಚು ದುಡೀತು ನೋಡಿ’ ಅಂತ ಛೇಡಿಸೋಳು. ಅವಳು ಹೋದ್ಮೇಲೂ ಬರ್ತಾನೇ ಇದೆ. ಅವಳ ಫೋನಿಗೇ, ಅವಳ ಹೆಸರಲ್ಲೇ.”

“ಸಂಘಕ್ಕೆ ಹೇಳಬೇಕಿತ್ತು.”

“ಮೂರು ಸಲ ಹೋದೆ. ಆ ಕಾಗದ ತನ್ನಿ, ಈ ಕಾಗದ ತನ್ನಿ ಅಂದ್ರು.”

“ಫೋನ್ ಆಫ್ ಮಾಡಿಟ್ಟಿದ್ರೆ ಆಗ್ತಿತ್ತಲ್ಲ?”

“ಮಾಡಿದ್ರೆ? ಅಲ್ಲಿ ಬಿಸಿಲಲ್ಲಿ ಅವಳು ದುಡೀತಾನೇ ಇರ್ತಾಳಲ್ಲ ಸಾರ್. ಇನ್ನಾದ್ರೂ ಸುಮ್ನೆ ಮಲಗಲಿ ಅಂತ ಒಡೆದೆ.”

ಐದೂ ಐವತ್ತೆಂಟು. ಮ್ಯಾನೇಜರ್ ಹೇಳಿದ್ದನ್ನು ಈಗಲೇ ಹೇಳಿಬಿಡಬೇಕೆಂದು ಇನ್‌ಸ್ಪೆಕ್ಟರ್ ಬಾಯಿ ತೆರೆದರು. ಆದರೆ ಹೇಳದೆ, ಲಕೋಟೆಯ ಸೀಲನ್ನು ತಿರುಗಿಸಿ ನೋಡಿದರು.

ಆರಕ್ಕೆ ಸರಿಯಾಗಿ ಲಕೋಟೆಯೊಳಗೆ ಫೋನು ಟಿಣ್ ಎಂದಿತು.

ಬ್ರೇಕಣ್ಣ ಅದನ್ನೇ ನೋಡಿದ. “ಒಡೆದಿದ್ದೆನಲ್ಲ ಸಾರ್…”

“ಅದು ಹಾಗಲ್ಲ ಯಜಮಾನ್ರೇ. ಎಲ್ಲಾ ಫಲಕದ್ದೂ ಸೇರಿಸಿ ಹಂಚೋದು.”

“ನಾಳೆನೂ ಬರುತ್ತಾ?”

“ಬರುತ್ತೆ.”

ಬ್ರೇಕಣ್ಣ ಲಕೋಟೆಯತ್ತ ಬಾಗಿದ. ಆಮೇಲೆ ಮೆಲ್ಲಗೆ, “ಹಾಗಾದ್ರೆ ಅದನ್ನ ಚಾರ್ಜಿಗೆ ಹಾಕಿರಿ ಸಾರ್. ಬ್ಯಾಟರಿ ಹಳೇದು, ನಿಲ್ಲಲ್ಲ,” ಎಂದ.

“ಸೀಲ್ ಆಗಿದೆ ಸಾರ್,” ಎಂದ ಕಾನ್‌ಸ್ಟೇಬಲ್. ಈ ಸಲ ಅವನು ಗಡಿಯಾರ ನೋಡಲಿಲ್ಲ.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಖಾಲಿ ಬಿಡುವಂತಿಲ್ಲ. ‘ಆರೋಪಿಯ ಹೆಂಡತಿ ತೀರಿಕೊಂಡು ಐದು ತಿಂಗಳು’ ಎಂದು ಬರೆದು, ಇನ್‌ಸ್ಪೆಕ್ಟರ್ ಚಾರ್ಜರ್ ಹುಡುಕಲು ಎದ್ದರು.