ಮುಚ್ಚಳ ತೆಗೆದವಳು

"ಅಯ್ಯೋ... ಮುಚ್ಚಳ ತೆಗೀಬೇಡ್ರೀ!"

ಆ ಕೂಗು ಕಿವಿಗೆ ಬೀಳುವ ಹೊತ್ತಿಗೆ ಮುಚ್ಚಳ ವನಜಾಕ್ಷಿಯ ಎಡಗೈಯಲ್ಲಿತ್ತು. ಸ್ಟೀಲಿನ ಡಬ್ಬಿ ಬಲಗೈಯಲ್ಲಿತ್ತು.

ಬಾಗಿಲಲ್ಲಿ ಒಬ್ಬ ಅಪರಿಚಿತ! ಕಂಕುಳಲ್ಲಿ ನೀರು ತುಂಬಿದ ಬಿಂದಿಗೆ. ಮುಖದಲ್ಲಿ ಮಾತ್ರ ಒಂದು ಹನಿ ರಕ್ತವಿರಲಿಲ್ಲ.

"ಯಾರ್ರೀ ನೀವು? ನಮ್ಮನೆ ಒಳಗೆ ನಿಂತ್ಕೊಂಡು ನನ್ನ ಮೇಲೇ ಕೂಗ್ತೀರಲ್ಲ!"

ಅವನು ಬಿಂದಿಗೆ ಕೆಳಗಿಟ್ಟ. ಹತ್ತಿರ ಬಂದು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ. ಮುಚ್ಚಿದರೂ ಇನ್ನು ಪ್ರಯೋಜನವಿಲ್ಲವೆಂದು ಗೊತ್ತಿದ್ದವನ ಹಾಗೆ ಬಹಳ ನಿಧಾನವಾಗಿ ಮುಚ್ಚಳ ಮುಚ್ಚಿದ.

ತಪ್ಪು ಯಾರದೆಂದು ಹೇಳುವುದು ಕಷ್ಟ. ಯುಗಾದಿಗೆಂದು ಹುಳಿಯಾರಿನ ಚಿಕ್ಕಮ್ಮನ ಮನೆಗೆ ಹೋಗಿದ್ದ ವನಜಾಕ್ಷಿ, ಹಬ್ಬ ಮುಗಿದ ಮೂರನೇ ದಿನ ಬೆಳಗಿನ ಬಸ್ಸಿಗೆ ನೊಣವಿನಕೆರೆಗೆ ವಾಪಸ್ಸು ಬಂದಿದ್ದಳು. ಬಂದವಳೇ ನೇರ ಅಟ್ಟ ಹತ್ತಿದ್ದಳು. ಅಪ್ಪ ತೋಟ ನೋಡಿಕೊಂಡರೆ ಅಟ್ಟ ಅವಳದು. ಕೆಡವಿದ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ನೀರಿದೆ, ಇನ್ನೂ ಕಾಯಬೇಕು. ಗಡಗಡ ಎಂದರೆ ಕೊಬ್ಬರಿ ಬಿಟ್ಟುಕೊಂಡಿದೆ, ಸುಲಿಯಬಹುದು.

ಹತ್ತನೇ ವಯಸ್ಸಿನಿಂದ ಇದೇ ಕೆಲಸ ಮಾಡಿದವಳಿಗೆ ಮುಚ್ಚಿದ್ದು ಏನು ಕಂಡರೂ ಕಿವಿಗೆ ಹಿಡಿಯುವ ಚಟ. ಮಾತ್ರೆ ಡಬ್ಬಿಯಾಗಲಿ, ಬೇಳೆ ಡಬ್ಬಿಯಾಗಲಿ! ಏಣಿ ಇಳಿಯುವಾಗ ಅಟ್ಟದ ಕೆಳಗಿನ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೊಂದು ಡಬ್ಬಿ. ಅಲ್ಲಾಡಿಸಿದಳು. ಗುಳುಗುಳು.

'ಇದ್ಯಾವ ಕಾಯಪ್ಪ, ಇನ್ನೂ ನೀರಾಡ್ತಾ ಇದೆ!' ಎಂದು ಒಳಗೊಳಗೇ ನಕ್ಕು ಮುಚ್ಚಳ ತೆಗೆದಿದ್ದಳು.

"ಒಳಗೆ ಫಿಲಂ ತೊಳೀತಾ ಇದ್ದೆ," ಎಂದ ಅವನು ಕೊನೆಗೆ. "ಚಿತ್ರ ಗಟ್ಟಿ ನಿಲ್ಲಿಸೋ ಹೈಪೋ ಔಷಧಿ ಹಾಕೋ ಮುಂಚೆ ಬೆಳಕು ಬಿದ್ರೆ... ಪೂರ್ತಿ ಕಪ್ಪು."

ಅವಳು ಅವನ ಕೈಲಿದ್ದ ಡಬ್ಬಿಯನ್ನೇ ನೋಡಿದಳು.

"ಯಾರ್ದು ಫಿಲಂ? ಏನಿತ್ತು ಅದ್ರಲ್ಲಿ?"

ಅವನು ಅವಳ ಕೈ ನೋಡಿದ. ಬೆರಳುಗಳಿಂದ ಔಷಧಿಯ ನೀರು ತೊಟ್ಟಿಕ್ಕುತ್ತಿತ್ತು. ಆ ಕೈ ನಡುಗುತ್ತಿತ್ತು.

"ಏನೂ ಇರ್ಲಿಲ್ಲ," ಎಂದ. "ಈ ಡಬ್ಬಿ ಸರಿ ಇದೆಯಾ ಅಂತ ನೋಡೋಕೆ ಹಾಕಿದ್ದ ಖಾಲಿ ರೀಲು."

"ನಿಜವಾಗ್ಲೂ?"

"ನಿಜವಾಗ್ಲೂ. ಮೊದ್ಲು ಕೈ ತೊಳ್ಕೊಳ್ಳಿ, ಉರಿಯುತ್ತೆ."

ಅಷ್ಟರಲ್ಲಿ ಅಜ್ಜಿ ಚಿಕ್ಕಗೌರಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇವ್ರು ಪಟದಯ್ಯ ಕಣೇ. ತೋಂಟದಾರ್ಯ ಅಂತ. ತಿಪಟೂರಲ್ಲಿ ಸ್ಟುಡಿಯೋ ಐತಂತೆ. ಕಿಟಕಿ ಇಲ್ದಿರೋ ಕೋಣೆ ಬಾಡಿಗೆಗೆ ಬೇಕು ಅಂದ್ರು. ಕಿಟಕಿ ಇಲ್ದಿರೋದ್ಕೂ ಗಿರಾಕಿ ಸಿಕ್ತಾರೆ ಅಂದ್ರೆ ಕಾಲ ಎಲ್ಲಿಗೆ ಬಂತು ನೋಡು!"

---

ಪಟ್ಟಣದ ಹುಡುಗರಿಗೆ ಮತ್ತೆ ರೀಲು ಕ್ಯಾಮೆರಾದ ಹುಚ್ಚು ಹತ್ತಿತ್ತು. ತೊಳೆದುಕೊಡುವವರು ಕಡಿಮೆ. ಹಾಗಾಗಿ ದೂರದೂರದಿಂದ ತೋಂಟದಾರ್ಯನಿಗೆ ಅಂಚೆಯಲ್ಲಿ ರೀಲುಗಳು ಬರುತ್ತಿದ್ದವು. ಮಧ್ಯಾಹ್ನದವರೆಗೆ ಸ್ಟುಡಿಯೋ ನೋಡಿಕೊಂಡು, ಆಮೇಲೆ ಅವನು ಈ ಕೋಣೆಗೆ ಬರುತ್ತಿದ್ದ. ಪಟ ದೊಡ್ಡದು ಮಾಡುವ ಒಂದು ಹಳೇ ಎನ್ಲಾರ್ಜರ್, ಮೂರು ಟ್ರೇ, ಕೆಂಪು ದೀಪ, ನೀರಿನ ಬಿಸಿ ನೋಡಲು ಗಾಜಿನ ಕಡ್ಡಿ... ಅಷ್ಟೇ ಅವನ ಆಸ್ತಿ.

ವನಜಾಕ್ಷಿ ಮೊದಲು ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಬಂದಳು. ಆಮೇಲೆ ದಿನಾ ಬಂದಳು!

ಕಗ್ಗತ್ತಲಲ್ಲಿ ಫಿಲಂ ಅನ್ನು ಸುರುಳಿಗೆ ಸುತ್ತುವುದನ್ನು ಅವನು ಕಲಿಸಿದ.

"ಕಣ್ಣು ಮುಚ್ಕೊಳ್ಳಿ."

"ಇಷ್ಟು ಕತ್ತಲಲ್ಲಿ ಮುಚ್ಚಿದ್ರೇನು, ಬಿಟ್ರೇನು?"

"ಬಿಟ್ಟಿದ್ರೆ ಕಣ್ಣು ನೋಡೋಕೆ ಒದ್ದಾಡುತ್ತೆ. ಮುಚ್ಚಿದ್ರೆ ಬೆರಳಿಗೆ ಬುದ್ಧಿ ಬರುತ್ತೆ."

ಸಿಪ್ಪೆಯ ನಾರು ತಾಗಿ ತಾಗಿ ಒರಟಾದ ಅವಳ ಬೆರಳು ಎರಡೇ ದಿನಕ್ಕೆ ಕಲಿತವು. ಸುತ್ತುವಾಗ ಒಮ್ಮೆ ಅವನ ಬೆರಳು ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ. ಕತ್ತಲೆಗೆ ಒಂದು ಒಳ್ಳೆಯ ಗುಣವಿದೆ, ಅದು ಯಾರ ಮುಖ ಕೆಂಪಾಯಿತೆಂದು ಚಾಡಿ ಹೇಳುವುದಿಲ್ಲ.

ಒಂದು ದಿನ ಟ್ರೇಯ ಔಷಧಿಯೊಳಗೆ ಬಿಳಿ ಕಾಗದ ಅಲ್ಲಾಡಿಸುತ್ತಿದ್ದಳು. ಮೊದಲು ಏಣಿ ಮೂಡಿತು. ಆಮೇಲೆ ಒಂದು ಕಾಲು. ಆಮೇಲೆ ನಗುವ ಮುಖ. ಅವಳದೇ ಮುಖ!

"ಇದು... ಯಾವಾಗ ಹಿಡಿದ್ರಿ?"

"ಕೇಳಿ ಹಿಡೀಬೇಕಿತ್ತು. ತಪ್ಪಾಯ್ತು."

"ತಪ್ಪೇನೋ ಆಯ್ತು..." ಅವಳು ಕಾಗದದಿಂದ ಕಣ್ಣು ತೆಗೆಯಲಿಲ್ಲ. "ಇನ್ನೊಂದು ಪ್ರತಿ ಹಾಕಿ."

ಒಂದೇ ವಿಷಯ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆಗಾಗ ಅವನಿಗೊಂದು ಫೋನ್ ಬರುತ್ತಿತ್ತು. ಅವನ ಮುಖ ಬಾಡುತ್ತಿತ್ತು. ಹಿತ್ತಲಿಗೆ ಹೋಗಿ "ಹೌದಮ್ಮ... ನಂದೇ ತಪ್ಪಮ್ಮ..." ಎನ್ನುತ್ತಿದ್ದ. ಮನೆಯ ಜಗಳವಿರಬೇಕೆಂದು ಅವಳು ಕೇಳಲಿಲ್ಲ.

---

ಯುಗಾದಿಯಾಗಿ ನಾಲ್ಕು ತಿಂಗಳಾಗಿತ್ತು. ಅಂದು ತೋಂಟದಾರ್ಯ ಬೆಳಿಗ್ಗೆಯೇ ಬಂದಿದ್ದ. ವನಜಾಕ್ಷಿ ಅಟ್ಟದ ಮೇಲೆ ಕಾಯಿ ಆರಿಸುತ್ತಿದ್ದಳು. ಕೆಳಗೆ ಅಂಗಳದಲ್ಲಿ ಒಂದು ಹೆಣ್ಣುದನಿ ಸಿಡಿಯಿತು.

"ಎಲ್ಲಿದ್ದೀಯೋ ಪಟದೋನೆ? ಫೋನಲ್ಲಿ ಬೈದು ಬೈದು ಸಾಕಾಯ್ತು, ಎದುರಿಗೇ ಬೈಯಾಣ ಅಂತ ಬಂದಿವ್ನಿ!"

ಅಟ್ಟದ ಸಂದಿಯಿಂದ ಇಣುಕಿದಳು. ಅರವತ್ತರ ಹೆಂಗಸು. ಕಂಕುಳಲ್ಲಿ ಬಟ್ಟೆಚೀಲ. ಅವಳ ಮುಂದೆ ತೋಂಟದಾರ್ಯ ತಲೆ ತಗ್ಗಿಸಿ ನಿಂತಿದ್ದ.

"ಹುಚ್ಚಕ್ಕ... ಕೂತ್ಕೊಳ್ಳಿ. ಕೆಂಕೆರೆಯಿಂದ ಇಷ್ಟು ದೂರ..."

"ಕೂರಕ್ಕೆ ಬಂದಿಲ್ಲ ಕಣಪ್ಪ! ನನ್ ಮಗ ಶಿವಮೂರ್ತಿ ಕೊಬ್ಬರಿ ಲಾರಿ ತಗಂಡು ದಿಲ್ಲಿಗೆ ಹೋಗೋನು. ಅವನ ಕೊನೇ ಟ್ರಿಪ್ಪಿನ ರೀಲು ಕಣೋ ಅದು! ಲಾರಿ ನಜ್ಜುಗುಜ್ಜಾದ್ರೂ ಕ್ಯಾಮೆರಾ ಉಳ್ಕಂಡಿತ್ತು. ಅವನ ಪಟ ನಮ್ಮನೆ ಗೋಡೆ ಮೇಲೈತೆ, ಹಾರ ಹಾಕಿವ್ನಿ. ಅವನು ಏನ್ ನೋಡ್ದ ಅಂತ ನಾನು ನೋಡ್ಬೇಕಿತ್ತು. ಯುಗಾದಿ ಆಗಿ ಮೂರನೇ ದಿನ ಫೋನ್ ಮಾಡಿ, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ, ಬೆಳಕು ಬಿತ್ತು ಅಂತ ಎಷ್ಟು ಸಲೀಸಾಗಿ ಅಂದ್ಬುಟ್ಟೆ!"

"ನನ್ನ ಕೈ ತಪ್ಪಮ್ಮ. ಎಷ್ಟು ಬೈದ್ರೂ ಕಡಿಮೆ."

ಯುಗಾದಿ ಆಗಿ ಮೂರನೇ ದಿನ...

ವನಜಾಕ್ಷಿಯ ಮಡಿಲಲ್ಲಿದ್ದ ಕಾಯಿಗಳು ಉರುಳಿದವು. ಖಾಲಿ ರೀಲು ಅಂದಿದ್ದನಲ್ಲ! ಏನೂ ಇರಲಿಲ್ಲ ಅಂದಿದ್ದನಲ್ಲ!

'ನಾನು... ಒಬ್ಬ ತಾಯಿಯ... ದೇವರೇ!'

ಉರುಳಿದ ಕಾಯಿಗಳ ನಡುವೆಯೇ ಕೂತುಬಿಟ್ಟವಳು ಎದ್ದು ಏಣಿ ಇಳಿಯುವಷ್ಟರಲ್ಲಿ ಹುಚ್ಚಕ್ಕ ಬಸ್ಸು ಹತ್ತಿ ಹೋಗಿಯಾಗಿತ್ತು.

"ಯಾಕೆ ಸುಳ್ಳು ಹೇಳಿದ್ರಿ?"

ಕೋಣೆಯಲ್ಲಿದ್ದ ತೋಂಟದಾರ್ಯ ಬೆಚ್ಚಿ ತಿರುಗಿದ. "ವನಜಾಕ್ಷಿ... ಅವತ್ತು ನಿಮ್ಮ ಕೈ ನಡುಗ್ತಾ ಇತ್ತು. ಸಮಾಧಾನ ಆದ್ಮೇಲೆ ಹೇಳೋಣ ಅನ್ಕೊಂಡೆ. ಆಮೇಲೆ..."

"ಆಮೇಲೆ ಏನು?"

ಅವನು ಮೇಜಿನ ಮೇಲಿನ ಡಬ್ಬಿಯನ್ನು ಅತ್ತ ಸರಿಸಿದ.

"ನಾಲ್ಕು ತಿಂಗಳು ಈ ಕೋಣೇಲಿ ನಾನು ನಗ್ತಾ ಇದ್ದೆ! ಅದೇ ಡಬ್ಬಿ ಹಿಡ್ಕೊಂಡು ನಗ್ತಾ ಇದ್ದೆ! ಅಲ್ಲಿ ಆ ತಾಯಿ ಅಳ್ತಾ ಇದ್ಲು. ನನ್ನ ತಪ್ಪನ್ನ ನನಗೆ ಕೊಡದೆ ನೀವಿಟ್ಕೊಳ್ಳೋಕೆ ನೀವ್ಯಾರ್ರೀ? ನಾನೇನು ಹಾಲು ಕುಡಿಯೋ ಮಗುನಾ?"

"ನಿಮ್ಮನ್ನ ನೋಯಿಸಬಾರದು ಅಂತ..."

"ಈಗ ನೋಯ್ತಾ ಇಲ್ವಾ?"

ಅವಳು ತಿರುಗಿ ನಡೆದಳು. ಇವಳಿಗೆ ಇನ್ನು ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದು ಅವನು ತಿಳಿದ.

---

ಮಾರನೆಯ ದಿನ ಬೆಳಿಗ್ಗೆಯೇ ವನಜಾಕ್ಷಿ ಕೆಂಕೆರೆಯಲ್ಲಿದ್ದಳು. ಹುಚ್ಚಕ್ಕ ಜಗಲಿಯ ಮೇಲೆ ಅಲಸಂದೆ ಬಿಡಿಸುತ್ತಿದ್ದಳು. ವನಜಾಕ್ಷಿ ಕೂರಲಿಲ್ಲ. ನೀರು ಮುಟ್ಟಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು.

"...ಅವ್ರು ನೀರು ತರೋಕೆ ಹೋಗಿದ್ರು. ಮುಚ್ಚಳ ತೆಗ್ದಿದ್ದು ನಾನಮ್ಮ. ಬೈಯೋದಿದ್ರೆ ನನ್ನ ಬೈಯ್ರಿ."

ಹುಚ್ಚಕ್ಕ ಎದ್ದಳು. ಹತ್ತಿರ ಬಂದಳು.

ಫಟಾರ್!

ವನಜಾಕ್ಷಿಯ ಕೆನ್ನೆ ಉರಿಯಿತು. ಹೊಡೆದ ಕೈಯನ್ನೇ ಹುಚ್ಚಕ್ಕ ದಿಗ್ಭ್ರಮೆಯಿಂದ ನೋಡಿಕೊಂಡಳು. ಆಮೇಲೆ ಜಗಲಿಯ ಮೇಲೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ವನಜಾಕ್ಷಿಯೂ ಅತ್ತಳು. ಎಷ್ಟು ಹೊತ್ತೋ!

"ಬಾ, ಕೂತ್ಕ," ಎಂದಳು ಹುಚ್ಚಕ್ಕ ಮೂಗು ಒರೆಸಿಕೊಂಡು. "ಆ ಪಟ ನೀನು ನನಗೆ ತಂದುಕೊಡಕ್ಕಾಗಲ್ಲ. ಅದು ಹೋಯ್ತು. ಅದ್ರಲ್ಲೇನಿತ್ತು ಅಂತ ನನ್ ಮಗ ದಾರಿಯಿಂದ ಫೋನಲ್ಲಿ ಹೇಳ್ತಿದ್ದ, ನಾನು ಹೇಳ್ತೀನಿ, ಕೇಳು. ನಮ್ಮೂರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಶುರು ಮಾಡಿದ್ರೆ ಸಾಕು, 'ಬುಡು ಹುಚ್ಚಕ್ಕ, ಹೋದೋನು ಹೋದ' ಅಂತಾರೆ."

ಅವಳು ಹೇಳಿದಳು. ಮರಳಿನ ದಾರಿಯಲ್ಲಿ ಹಾಸಿಗೆ ಹೊತ್ತು ನಡೆದ ಒಂಟೆಯನ್ನು ಶಿವಮೂರ್ತಿ ಕ್ಯಾಮೆರಾದಲ್ಲಿ ಹಿಡಿದಿದ್ದನಂತೆ. ಢಾಬಾದಲ್ಲಿ ರೊಟ್ಟಿ ತಟ್ಟುವ ಮುದುಕಿಯನ್ನೂ ಹಿಡಿದಿದ್ದನಂತೆ, "ಥೇಟ್ ನಿನ್ನಂಗೇ ಅವ್ಳೆ ಕಣವ್ವ" ಅಂದನಂತೆ. ಮಂಜು ಮುಸುಕಿದ ದಾರಿಯಲ್ಲಿ ಸಾಲಾಗಿ ನಿಂತ ಲಾರಿಗಳನ್ನೂ...

ವನಜಾಕ್ಷಿ ಕಣ್ಣು ಮುಚ್ಚಿ ಕೇಳಿದಳು. ಮಧ್ಯಾಹ್ನ ಮುದ್ದೆ, ಅಲಸಂದೆ ಕಾಳಿನ ಸಾರು ಉಂಡ ಮೇಲೂ ಕೇಳಿದಳು.

ಹೊರಡುವಾಗ ಹುಚ್ಚಕ್ಕ ಕೆಂಪಾದ ಅವಳ ಕೆನ್ನೆ ಸವರಿದಳು. "ನಾಲ್ಕು ತಿಂಗಳು ಆ ಹುಡ್ಗ ನನ್ನ ಬಾಯಿಂದ ಬರೋದನ್ನೆಲ್ಲ ತಿಂದ ಕಣವ್ವ. ಒಂದು ದಿನ ಫೋನ್ ಕಟ್ ಮಾಡ್ಲಿಲ್ಲ. ಬ್ಯಾರೆಯವರ ಬೈಗುಳ ಯಾರೂ ಸುಮ್ಸುಮ್ನೆ ತಿನ್ನಲ್ಲ. ಅವನು ನಿನಗೇನಾಗ್ಬೇಕು?"

ವನಜಾಕ್ಷಿ ಮುಖ ಒರೆಸಿಕೊಂಡಳು. ಆಮೇಲೆ ಉತ್ತರ ಕೊಟ್ಟಳು.

---

ಸಂಜೆ ಮನೆ ಮುಂದೆ ಲಗೇಜ್ ಆಟೋ ನಿಂತಿತ್ತು! ಅದರಲ್ಲಿ ಎನ್ಲಾರ್ಜರ್ ಹಗ್ಗ ಬಿಗಿಸಿಕೊಂಡು ಕೂತಿತ್ತು.

"ನೋಡೇ, ಪಟದಯ್ಯ ಖಾಲಿ ಮಾಡ್ತಾವ್ರೆ!" ಅಜ್ಜಿ ಕೂಗಿದಳು. "ಹೇಳಿ ಹೇಳಿ ನನ್ ಗಂಟ್ಲು ಒಣಗ್ತು. ನೀನಾದ್ರೂ ಕೇಳು!"

ವನಜಾಕ್ಷಿ ಓಡಿದಳು. ಕೋಣೆಯಲ್ಲಿ ತೋಂಟದಾರ್ಯ ಟ್ರೇಗಳನ್ನು ಎತ್ತಿಕೊಂಡು ನಿಂತಿದ್ದ.

"ಎಲ್ಲಿಗೆ?"

"ನಿಮ್ಮ ಕಣ್ಣಿಗೆ ಬೀಳದ ಕಡೆ..." ಅವನು ಅವಳ ಕೆನ್ನೆ ನೋಡಿ ಗಾಬರಿಯಾದ. "ಏನಾಯ್ತು? ಯಾರು ಹೊಡೆದ್ರು?"

"ಹುಚ್ಚಕ್ಕ. ನನಗೆ ಸೇರಬೇಕಾದ್ದು ನನಗೆ ಸೇರ್ತು. ನಿನ್ನೆ 'ಆಮೇಲೆ' ಅಂತ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಅದನ್ನ ಮುಗ್ಸಿ."

ಅವನು ಟ್ರೇಗಳ ಅಂಚನ್ನು ಹೆಬ್ಬೆರಳಿಂದ ಉಜ್ಜಿದ.

"ಆಮೇಲೆ... ನೀವು ದಿನಾ ಬರೋಕೆ ಶುರು ಮಾಡಿದ್ರಿ. ಹೇಳಿದ್ರೆ ಬರೋದು ನಿಲ್ಲಿಸ್ತೀರಿ ಅಂತ ಹೆದರಿದೆ. ನಿಮಗೋಸ್ಕರ ಸುಳ್ಳು ಹೇಳಿದ್ದು ಮೊದಲನೇ ದಿನ ಮಾತ್ರ ವನಜಾಕ್ಷಿ. ಉಳಿದ ದಿನವೆಲ್ಲ ನನಗೋಸ್ಕರ." ಅವನು ಕೋಣೆಯ ಸುತ್ತ ಕಣ್ಣಾಡಿಸಿದ. "ನೀವಿಲ್ದಿದ್ರೆ ಈ ಕೋಣೆ ಬರೀ ಕತ್ತಲೆ ಕಣ್ರೀ..."

ಅವಳ ಸಿಟ್ಟು ಎಲ್ಲಿ ಹೋಯಿತೋ! ಕಣ್ಣು ತುಂಬಿ ಬಂತು.

"ಭಾನುವಾರ ನಿಮ್ಮನ್ನೂ ಕರ್ಕೊಂಡು ಬಾ ಅಂದಿದ್ದಾರೆ ಹುಚ್ಚಕ್ಕ."

"ಬೈಯೋಕಾ?"

"ಉಣ್ಣೋಕೆ. ಬೈಗುಳ ಊಟದ ಜೊತೇಲೇ ಇರುತ್ತೆ. ಅವನು ನಿನಗೇನಾಗ್ಬೇಕು ಅಂತಾನೂ ಕೇಳಿದ್ರು."

"ನೀವೇನಂದ್ರಿ?"

"ನಾನು ಮದುವೆ ಆಗೋ ಹುಡುಗ ಅಂದೆ."

ಟ್ರೇಗಳೆಲ್ಲ ಒಟ್ಟಿಗೇ ನೆಲಕ್ಕೆ ಬಿದ್ದವು!

"ನನ್ನ... ನನ್ನ ಕೇಳದೇನೇ ಹೇಳ್ಬಿಟ್ರಾ?"

"ನನ್ನ ಕೇಳಿ ನನ್ನ ತಪ್ಪು ಹೊತ್ಕೊಂಡ್ರಾ ನೀವು?" ಅಳುತ್ತಲೇ ನಕ್ಕಳು. "ಇಷ್ಟ ಇಲ್ಲ ಅಂದ್ರೆ ಹೇಳಿ. ಈಗ್ಲೇ ಫೋನ್ ಮಾಡಿ, ನಾನಂದಿದ್ದು ಸುಳ್ಳು ಅಂತೀನಿ."

ಅವನು ಮುಂದೆ ಬಂದು ಅವಳ ಒರಟು ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಬೇಡ ವನಜಾ... ಇನ್ಮೇಲೆ ನಮ್ಮ ಮಧ್ಯೆ ಸುಳ್ಳು ಬೇಡ."